ಏಳು ಸುತ್ತಿನ ದಾಸವಾಳ

ಬಂದವರು ಹುಡುಗಿಯನ್ನು ನೋಡುತ್ತಲೇ ಇಲ್ಲ ಎಂಬುದು ವನಜಳಿಗೆ ಬನ್ಸ್ ಬಡಿಸುವಾಗಲೇ ಗೊತ್ತಾಯಿತು. ತ್ರಾಸಿಯಿಂದ ಬಂದ ಹರಿಣಾಕ್ಷಿಯಮ್ಮನ ಕಣ್ಣು ಕಿಟಕಿಯಾಚೆ, ಅಂಗಳದ ದಾಸವಾಳದ ಮೇಲೆ.

ತಪ್ಪೆಲ್ಲ ಫೋಟೊಗ್ರಾಫರ್ ಪ್ರೇಮಾನಂದನದು. ಮರಗಿಡ ಕಂಡರೆ ಅವನಿಗೆ ಮನುಷ್ಯರು ಕಾಣುವುದಿಲ್ಲ. ಮದುವೆಗೆ ಕರೆದರೆ ಚಪ್ಪರದ ಮಾವಿನೆಲೆಗೇ ಅರ್ಧ ರೀಲು ಮುಗಿಸುವ ಕಲಾವಿದ. ವನಜ ತನ್ನ ಮಗಳು ಸೌಜನ್ಯಳ ಸಂಬಂಧಕ್ಕೆ ಒಂದು ಫೋಟೊ ಬೇಕೆಂದರೆ, ತಲ್ಲೂರಿಗೆ ಬಂದವನು ಅವಳನ್ನು ಈ ಗಿಡದ ಪಕ್ಕ ನಿಲ್ಲಿಸಿದ. ಬೆಣ್ಣೆ ಬಣ್ಣದ, ಏಳು ಸುತ್ತಿನ ಹೂವು. ಸುತ್ತಲ ಊರಲ್ಲಿ ಮತ್ತೊಂದಿಲ್ಲ. ಚಿತ್ರದಲ್ಲಿ ಎಲೆಯ ನರನರವೂ ಸ್ಪಷ್ಟ. ಸೌಜನ್ಯ ಮಾತ್ರ ಮಸುಕಾಗಿ, ಬರೀ ಸೌಜನ್ಯಕ್ಕೆ ನಿಂತಂತಿದ್ದಳು. ಅದನ್ನೇ ದೊಡ್ಡದು ಮಾಡಿ ಕುಂದಾಪುರದ ತನ್ನ ಸ್ಟುಡಿಯೊದ ಗಾಜಿನೊಳಗೆ ತೂಗುಹಾಕಿದ.

ಹನ್ನೊಂದು ಮನೆಯಿಂದ ಫೋಟೊ ವಾಪಸ್ ಬಂದಿತ್ತು. ಹಾಗಿರುವಾಗ ಮೊನ್ನೆ ತ್ರಾಸಿಯಿಂದ ಫೋನು.

"ಸ್ಟುಡಿಯೊದಗೆ ಫೋಟೊ ಕಂಡೆ. ಭಾರಿ ಲಾಯ್ಕಿತ್ತ್. ಆಯ್ತಾರ ಒಂದ್ಸಲ ಕಾಂಬುಕೆ ಬರ್ಲಾ?"

"ಧಾರಾಳ ಬನ್ನಿ" ಎಂದು ವನಜ ಫೋನಿಗೇ ಕೈಮುಗಿದಿದ್ದಳು.

ಈಗ ನೋಡಿದರೆ ಬಂದದ್ದು ಒಬ್ಬರೇ.

"ಗಂಡಸರ್ ಯಾರೂ ಬರ್ಲಿಲ್ಯಾ?"

"ಅವ್ರಿಗೆಂತ ತಿಳೀತ್ತ್? ಇದೆಲ್ಲ ಹೆಂಗ್ಸರ್ ಕಂಡ್ರ್ ಸಾಕ್. ಎಷ್ಟ್ ವರ್ಷ ಆಯ್ತ್?"

"ಬಪ್ಪ ತಿಂಗ್ಳಿಗೆ ಇಪ್ಪತ್ನಾಲ್ಕ್. ಬಿ.ಕಾಂ. ಆಯ್ತ್."

"ಗಿಡಕ್ಕೆ ಕೇಂಡದ್ದ್."

"ಓ... ಗಿಡಕ್ಕೆ ನಾಲ್ಕ್. ನರ್ಸರಿದ್." ವನಜ ಬನ್ಸಿನ ತಟ್ಟೆಯನ್ನು ಮುಂದಕ್ಕೆ ದೂಡಿದಳು. ಗಿಡ ಬಂದ ದಾರಿಯನ್ನು ಅವಳು ಗಂಡನಿಗೂ ಹೇಳಿದವಳಲ್ಲ.

"ಕೈಗುಣ ಲಾಯ್ಕಿತ್ತ್" ಎಂದು ಹರಿಣಾಕ್ಷಿಯಮ್ಮ ಕೊಡೆ ಹಿಡಿದು ಅಂಗಳಕ್ಕಿಳಿದರು. ಒಳಗಿನಿಂದ ತಾಯಿ ಮಗಳು ಇಣುಕಿದರು. ಚಟ್ ಎಂದು ಸದ್ದು. ದಾಸವಾಳದ ಕೊಂಬೆಯಿಂದ ಮುರಿದ ಒಂದು ಗೆಲ್ಲು ಮಡಚಿದ ಕೊಡೆಯೊಳಗೆ ಸೇರಿತು.

"ಅಮ್ಮ, ಅವ್ರ್ ಗೆಲ್ಲ್ ಕದ್ರ್."

"ಸುಮ್ನಿರ್. ನಾಳೆ ನಿಂಗೆ ಅತ್ತೆ ಆಪೋರ್."

ಕೇಳಿ ತಂದ ಗೆಲ್ಲು ಒಣಗುತ್ತದೆ, ಕದ್ದು ತಂದದ್ದೇ ಚಿಗುರುತ್ತದೆ ಎಂಬುದು ಆ ಕಡೆಯ ಹೆಂಗಸರೆಲ್ಲರ ನಂಬಿಕೆ. ಇಷ್ಟು ಸಲಿಗೆಯಿಂದ ಕದಿಯುವವರು ಬೀಗರಲ್ಲದೆ ಮತ್ಯಾರು? ವನಜ ಆ ರಾತ್ರಿಯೇ ಮನಸ್ಸಿನಲ್ಲಿ ಚಪ್ಪರ ಹಾಕಿಸಿದಳು. ಸೌಜನ್ಯ ಹರಿಣಾಕ್ಷಿಯಮ್ಮನ ದನಿಯಲ್ಲಿ "ಕೈಗುಣ ಲಾಯ್ಕಿತ್ತ್" ಎನ್ನುತ್ತಾ ಉಳಿದ ಬನ್ಸ್ ಮುಗಿಸಿದಳು.

ಎರಡು ದಿನ ಕಳೆದರೂ ಸುದ್ದಿಯಿಲ್ಲ. ವನಜ ಸ್ಟುಡಿಯೊಕ್ಕೆ ಫೋನು ಮಾಡಿದಳು. "ಪ್ರೇಮಾನಂದ, ಆ ತ್ರಾಸಿಯವರ್ ಹೆಣ್ಣಿನ ಬಗ್ಗೆ ಎಂತಾರೂ ಹೇಳ್ರಾ?"

"ಯಾವ ಹೆಣ್ಣ್, ಅಕ್ಕ? ಅವ್ರಿಗೆ ಗಂಡ್ಮಕ್ಕಳೇ ಇಲ್ಯಲೆ. ನಾಲ್ಕ್ ವರ್ಷದ ಹಿಂದೆ ಅವ್ರ ಮನಿ ಪಕ್ಕದ ಕಲ್ಯಾಣಮಂಟಪಕ್ಕೆ ಮದಿಗೆ ಬಂದ ಯಾರೋ ಹೆಂಗ್ಸ್ ಬೇಲಿಯೊಳಗೆ ಕೈ ಹಾಕಿ ದಾಸವಾಳದ್ ಗೆಲ್ಲ್ ಮುರ್ಕಂಡ್ ಹೋರಂಬ್ರ್, ಆಮೇಲೆ ಆ ಗಿಡವೇ ಸತ್ತೋಯ್ತಂಬ್ರ್. ಈಗ ಕದ್ದವ್ರ ಮನಿಯಿಂದ್ಲೇ ಕದ್ದ್ ತಂದೆ, ಎರಡ್ ಪಾಲ್ ಚಿಗುರತ್ತ್ ಅಂದ್ರ್."