ತೋಳದ ಎದುರು

ತೋಳ ಬೇಲಿಯ ಹತ್ತಿರ ಬಂದದ್ದೇ ತಡ, ಕನ್ನಡಕದಂಗಡಿಯ ಹುಡುಗಿ ಹಿಂದೆ ಸರಿಯುತ್ತಾ ಹೋಗಿ ಬೆಂಚಿಗೆ ಡಿಕ್ಕಿ ಹೊಡೆದಳು. ಗಾಯಗೊಂಡ ಕಾಡುಪ್ರಾಣಿಗಳನ್ನು ಇಟ್ಟು ನೋಡಿಕೊಳ್ಳುವ ಈ ಜಾಗಕ್ಕೆ ಬರಲೇಬೇಕೆಂದು ಹಟ ಹಿಡಿದವಳೂ ಅವಳೇ.

ಭಾನುವಾರ ಸೇರುವ ಅವರ ಗುಂಪಿನಲ್ಲಿ ಎಲ್ಲರದೂ ಒಂದೇ ನಂಬಿಕೆ: ಮೈ ಮನುಷ್ಯರದು, ಒಳಗಿರುವ ಜೀವ ಬೇರೆ. ಲಿಫ್ಟ್ ರಿಪೇರಿಯವನ ಒಳಗೆ ಹದ್ದು. ಈಗ ಜೊತೆಗೆ ಬಂದಿದ್ದ ನಿವೃತ್ತ ನರ್ಸಮ್ಮನ ಒಳಗೆ ನೀರುನಾಯಿ. ಇವಳು ತೋಳ. ಬಂದ ಮೊದಲ ದಿನವೇ ಅಷ್ಟು ಖಚಿತವಾಗಿ ಹೇಳಿದ್ದಳೆಂದು ಎಲ್ಲರೂ ಅವಳನ್ನು ‘ತೋಳಮ್ಮ’ ಎಂದೇ ಕರೆಯುತ್ತಿದ್ದರು. ಅಂಗಡಿಯಲ್ಲೇನಾದರೂ ಇದನ್ನು ಬಾಯಿಬಿಟ್ಟಿದ್ದರೆ ಕಣ್ಣು ಕಾಣದ ಗಿರಾಕಿಗಳೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ಗುಂಪಿನಲ್ಲಿ ಯಾರೂ ನಕ್ಕಿರಲಿಲ್ಲ.

ತೋಳವನ್ನು ನೋಡಿದರೆ ಎಂದೋ ಕಳೆದುಹೋದ ಒಡಹುಟ್ಟಿದವರನ್ನು ಕಂಡಹಾಗೆ ಆಗುತ್ತದೆ ಅಂದುಕೊಂಡು ಬಂದಿದ್ದಳು. ಆದರೆ ಕಣ್ಣು ತೋಳವನ್ನು ಬಿಟ್ಟು ಗೇಟು ಎಲ್ಲಿದೆಯೆಂದು ಹುಡುಕುತ್ತಿತ್ತು. ತೋಳ ಅವಳನ್ನೊಮ್ಮೆ ನೋಡಿ, ಆಕಳಿಸಿ, ಮುಂಗಾಲುಗಳ ಮೇಲೆ ಮುಖವಿಟ್ಟು ಮಲಗಿತು.

“ಮೊದಲನೇ ಸಲ ಅಲ್ವಾ? ಇನ್ನೊಂದ್ಸಲ ಹತ್ತಿರ ಹೋಗು,” ಅಂದರು ನರ್ಸಮ್ಮ.

ಹೋದಳು. ಕತ್ತಿನ ಹಿಂದೆ ಕೂದಲು ನಿಮಿರಿತು. ದೂರದಲ್ಲಿ ಯಾರೋ ಬಕೆಟ್ ಇಟ್ಟ ಸದ್ದು, ಎಲೆಯ ಮೇಲೆ ಯಾವುದೋ ಹಕ್ಕಿ ಕಾಲಿಟ್ಟ ಸದ್ದು, ಎಲ್ಲವೂ ಕೇಳಿಸಿತು. ಮೈಯೆಲ್ಲ ಓಡಲು ಸಿದ್ಧವಾಯಿತು. ಇಷ್ಟು ವರ್ಷ ಅವಳು ತನ್ನೊಳಗಿನ ತೋಳ ಎನ್ನುತ್ತಿದ್ದದ್ದು ಇದನ್ನೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆದರೆ ನಿಜವಾದ ತೋಳ ನಿದ್ದೆ ಮಾಡುತ್ತಿತ್ತು.

ವಾಪಸ್ ಬರುವ ಬಸ್ಸಿನಲ್ಲಿ ಹುಡುಗಿ ನರ್ಸಮ್ಮನ ಕಡೆ ತಿರುಗಿ ಹೇಳಿದಳು, “ಅಕ್ಕಾ, ನಾನು ತೋಳ ಅಲ್ಲ.”

“ಹೆದರಿದೆ, ಅಷ್ಟೇ. ಅದಕ್ಕೆಲ್ಲಾ ಹೀಗಂತಾರಾ?”

“ಬರೀ ಇವತ್ತಿನ ಹೆದರಿಕೆ ಅಲ್ಲಕ್ಕ. ನನ್ನ ಮೈ ಓಡೋಕೆ ಸಿದ್ಧ ಆಗ್ತಿದ್ದದ್ದು ಬೇಟೆ ಅಟ್ಟಿಸಿಕೊಂಡು ಹೋಗೋಕೆ ಅಂದ್ಕೊಂಡಿದ್ದೆ. ಅಲ್ಲ, ತಪ್ಪಿಸಿಕೊಳ್ಳೋಕೆ.”

ನರ್ಸಮ್ಮ ಹಿಂದಿನ ಸೀಟಿನತ್ತ ಒಮ್ಮೆ ತಿರುಗಿ ನೋಡಿ ದನಿ ತಗ್ಗಿಸಿದರು. “ಗುಂಪಲ್ಲಿ ಈ ಮಾತು ಎತ್ತಬೇಡ. ನಮ್ಮನ್ನ ಆಡಿಕೊಳ್ಳೋಕೆ ಜನ ತುದಿಗಾಲಲ್ಲಿ ನಿಂತಿದಾರೆ. ಒಬ್ಬಳು ಸುಳ್ಳು ಅಂತ ಗೊತ್ತಾದ್ರೆ ಎಲ್ಲರೂ ಸುಳ್ಳು ಅಂತಾರೆ.”

“ಸುಳ್ಳು ಹೇಳಿಲ್ಲಕ್ಕ. ತಪ್ಪು ತಿಳ್ಕೊಂಡಿದ್ದೆ. ಎರಡೂ ಒಂದೇನಾ?”

ಕಿಟಕಿಯಾಚೆ ಅಂಗಡಿಗಳ ಸಾಲು ಹಿಂದಕ್ಕೆ ಸರಿಯುತ್ತಿತ್ತು. ನರ್ಸಮ್ಮ ಅವಳತ್ತ ತಿರುಗಿ ಕುಳಿತು, ರೋಗಿಯನ್ನು ವಿಚಾರಿಸುವ ಹಾಗೆ ಕೇಳಿದರು, “ಈ ಓಡಬೇಕು ಅನ್ಸೋದು, ಸದ್ದಿಗೆ ಎಚ್ಚರ ಆಗೋದು ಎಲ್ಲಾ ಯಾವಾಗಿಂದ?”

“ಚಿಕ್ಕವಳಿದ್ದಾಗಿಂದ. ಅಪ್ಪನ ಸ್ಕೂಟರ್ ಬೀದಿ ತಿರುವಿನಲ್ಲಿ ಇದ್ದಾಗಲೇ ನನಗೆ ಕೇಳಿಸ್ತಿತ್ತು. ಅಮ್ಮನಿಗೆ ಅದು ಬಾಗಿಲಿಗೆ ಬಂದ ಮೇಲೇ. ಅಷ್ಟರಲ್ಲಿ ನಾನು ಹಿತ್ತಲಿಗೆ ಓಡಿರ್ತಿದ್ದೆ.” ಹೇಳಿದ ಮೇಲೆ ತಾನೇ ಬೆಚ್ಚಿದಳು. ಅಪ್ಪನ ಸ್ಕೂಟರನ್ನೂ ತನ್ನೊಳಗಿನ ತೋಳವನ್ನೂ ಅವಳು ಯಾವತ್ತೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ.

“ಹಾಗಾದ್ರೆ ಜಿಂಕೆ ಇರಬಹುದೇನೋ,” ಅಂದರು ನರ್ಸಮ್ಮ ಮೆಲ್ಲಗೆ.

“ಇರಬಹುದು. ಇಲ್ಲಾ, ಬರೀ ಹುಡುಗೀನೇ ಇರಬಹುದು. ನನಗೊಂದೂ ಗೊತ್ತಾಗ್ತಿಲ್ಲಕ್ಕ. ಬರೀ ಹುಡುಗಿ ಆದ್ರೆ ನಿಮ್ಮ ಜೊತೆ ಕೂರೋ ಹಾಗಿಲ್ವಾ?”

ನರ್ಸಮ್ಮ ಅವಳ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಹಳೆಯ ಅಭ್ಯಾಸ, ಬೆರಳು ತಾನಾಗಿ ನಾಡಿಯ ಮೇಲೆ ಕೂತಿತು. ಅದು ಇನ್ನೂ ಹೊಡೆದುಕೊಳ್ಳುತ್ತಲೇ ಇತ್ತು.

ಇಳಿಯುವ ಜಾಗ ಹತ್ತಿರವಾದಾಗ ಕೇಳಿದರು, “ಸರಿ, ಭಾನುವಾರ ಎಲ್ಲರ ಮುಂದೆ ನಿನ್ನನ್ನ ಏನಂತ ಕರೀಲಿ ಈಗ?”

ಹುಡುಗಿ ಎದ್ದು ಕಂಬಿ ಹಿಡಿದಳು. ಬಸ್ಸು ನಿಂತಿತು.

“ಸದ್ಯಕ್ಕೆ ‘ಬಾ’ ಅಂತ ಕರೀರಿ, ಸಾಕು.”