ಬಾಲಕ್ಕೆ ಎರಡು ಕಚ್ಚು

“ಕಣ್ಣಿದೆಯಾ ನಿನಗೆ? ಹೋಗಲಿ, ಮೂಗಾದರೂ ಇದೆಯಾ?”

ಇನ್ಶಿರಾಹ್ ಮೀನಿನ ತಟ್ಟೆಯನ್ನು ಮೇಜಿನ ನಡುವಿಗೆ ತಳ್ಳಿದಳು. ಸೂಪಿನ ಬಟ್ಟಲು ಅಲ್ಲಾಡಿ ಏಡಿಯ ಕಾಲೊಂದು ಹೊರಗೆ ಬಿತ್ತು.

“ಇದನ್ನ ಮೀನು ಅಂತಾರಾ? ಹೂತು ತೆಗೆದ ಹೆಣ ಇದು!”

ರಾವಿಯಾ ತಲೆ ತಗ್ಗಿಸಿದಳು. “ನನಗೆ ಚೆನ್ನಾಗೇ ಕಾಣಿಸ್ತು ಅತ್ತೆ.”

“ಚೆನ್ನಾಗೇ ಕಾಣಿಸ್ತಂತೆ! ಕೇಳಿದೆಯೇನೋ ಮೆತ್ವಲ್ಲಿ, ನಿನ್ನ ಮಗಳ ಮಾತು?”

ಶುಕ್ರವಾರದ ಮಧ್ಯಾಹ್ನ. ನೈಲ್ ನದಿ ಸಮುದ್ರ ಸೇರುವ ಕಡೆ, ದೋಣಿಗಳು ನಿಲ್ಲುವ ದಂಡೆಯ ಮೇಲೆ ಬದೀರನ ಮೀನಿನ ಹೋಟೆಲು. ಎಂಟೂ ಮೇಜು ತುಂಬಿದ್ದವು. ಎಲ್ಲರ ಬಾಯಿಯೂ ನಿಂತು ಕಿವಿ ಮಾತ್ರ ಕೆಲಸ ಮಾಡುತ್ತಿತ್ತು.

ಊಟವಾದ ಮೇಲೆ ಮದುವೆಯ ಮಾತು ಗಟ್ಟಿ ಮಾಡಲು ಕುರಾನಿನ ಫಾತಿಹಾ ಓದುವುದೆಂದು ನಿಶ್ಚಯವಾಗಿತ್ತು. ಓದಿದರೆ ಮುಗಿಯಿತು, ರಾವಿಯಾ ಇನ್ಶಿರಾಹಳ ಮಗ ವಗ್ದಿಗೆ. ಆಮೇಲೆ ಮಾತು ಹಿಂದಕ್ಕೆ ತೆಗೆಯುವಂತಿಲ್ಲ. ಇನ್ಶಿರಾಹಳದು ಒಂದೇ ಷರತ್ತು: ಹುಡುಗಿ ತಾನೇ ಐಸಿನ ಮೇಲಿಂದ ಮೀನು ಆರಿಸಬೇಕು. ಕಿವಿರು ನೋಡಿ ಮೀನು ತಾಜಾನೋ ಅಲ್ಲವೋ ಹೇಳಲು ಬಾರದವಳು ತನ್ನ ಮನೆಯ ಹೊಸಿಲು ದಾಟಬಾರದು.

ಹೆತ್ತವರು ಸತ್ತ ಮೇಲೆ ಮೆತ್ವಲ್ಲಿಯನ್ನು ಬೆಳೆಸಿದ್ದು ಈ ಅಕ್ಕನೇ. ಅಕ್ಕನ ಮಾತಿಗೆ ಅವನು ಎಂದೂ ಇಲ್ಲ ಅಂದವನಲ್ಲ. ಮೇಜು ಕಾಯ್ದಿರಿಸಲು ಬೆಳಗಿನ ನಮಾಜು ಮುಗಿದ ಕೂಡಲೇ ಹೋಟೆಲಿಗೆ ಬಂದು ಹೋಗಿದ್ದ. ಅವನ ಹೆಂಡತಿ ಕರೀಮಾ ಈ ದಿನಕ್ಕಾಗಿ ಮೂರು ದಿನದಿಂದ ತಯಾರಿ ನಡೆಸಿದ್ದಳು. ಸೆಂಟು ಎಷ್ಟು ಬಳಿದುಕೊಂಡಿದ್ದಳೆಂದರೆ ಅವಳ ಕೈಚೀಲ ಕೂಡ ಘಮಘಮ ಅನ್ನುತ್ತಿತ್ತು. ಬಂದವಳೇ ಸೂಪು ಹೇಗಿದೆ ನೋಡುತ್ತೇನೆಂದು ಅಡುಗೆಮನೆಗೆ ನುಗ್ಗಿದ್ದಳು. ರಾವಿಯಾ ಐಸಿನ ಹಲಗೆಯ ಮುಂದೆ ಕಾಲು ಗಂಟೆ ನಿಂತು ಆರಿಸಿದ್ದಳು. ವಗ್ದಿ ಬೆರಳುಗಳಿಗೆ ನಿಂಬೆ ಉಜ್ಜಿಕೊಳ್ಳುತ್ತಾ ಕೂತಿದ್ದ.

ಮೆತ್ವಲ್ಲಿ ಎದ್ದು ನಿಂತು ಮೇಜು ಗುದ್ದಿದ. “ಬದೀರ್! ಬಾರೋ ಇಲ್ಲಿ! ಯಾರದೋ ಮೀನು ತಂದು ನಮಗೆ ಹಾಕಿದ್ದೀಯಾ?”

ಬದೀರ್ ಒಲೆಯ ಕಡೆಯಿಂದ ಬೆವರು ಒರೆಸಿಕೊಳ್ಳುತ್ತಾ ಬಂದ. ಮುಖ ಕೆಂಡವಾಗಿತ್ತು.

“ಮೂವತ್ತು ವರ್ಷದಿಂದ ಹೋಟೆಲು ನಡೆಸ್ತಿದ್ದೀನಿ. ನನ್ನ ಮೀನು ಹೀಗೆ ನಾರಿದ್ದು ಯಾವತ್ತಾದರೂ ಇದೆಯಾ? ಬಾಲ ನೋಡಯ್ಯಾ, ಬಾಲ! ಅದು ಯಾರ ಮನೆ ಗುರುತು?”

ಇಲ್ಲಿ ಹತ್ತಾರು ಮನೆಯ ಬೂರಿ ಮೀನು ಒಂದೇ ಒಲೆಯಲ್ಲಿ ಬೇಯುತ್ತದೆ. ತೌಡು ಮೆತ್ತಿ ಸುಟ್ಟರೆ ಎಲ್ಲವೂ ಒಂದೇ ಥರ ಕಪ್ಪು. ಅದಕ್ಕೇ ಒಲೆಗೆ ಕೊಡುವ ಮೊದಲು ಪ್ರತಿ ಮನೆಯವರೂ ತಮ್ಮ ಗುರುತು ಹಾಕುತ್ತಾರೆ. ಕೆಲವರು ರೆಕ್ಕೆ ಕತ್ತರಿಸುತ್ತಾರೆ, ಕೆಲವರು ದಾರ ಕಟ್ಟುತ್ತಾರೆ. ಮೆತ್ವಲ್ಲಿಯ ಮನೆಯದು ಬಾಲಕ್ಕೆ ಎರಡು ಕಚ್ಚು, ಅವನ ಅಜ್ಜನ ಕಾಲದಿಂದ.

ಇನ್ಶಿರಾಹ್ ಹುಟ್ಟಿದ್ದೂ ಅದೇ ಮನೆಯಲ್ಲಿ. ಬೆರಳಿನಿಂದ ತೌಡು ಕೆರೆದಳು. ಎರಡು ಕಚ್ಚು ಕಂಡವು.

“ನಮ್ಮಪ್ಪನ ಗುರುತು!” ಅವಳ ದನಿ ಒಡೆಯಿತು. “ನಮ್ಮಪ್ಪನ ಗುರುತು ಹಾಕಿ ಇಂಥ ಕೊಳಕು ಆರಿಸಿದ್ದಾಳೆ!”

ಮೆತ್ವಲ್ಲಿ ಕುರ್ಚಿ ಎಳೆದು ಕೂತ.

“ಬಿಡಿ ಅತ್ತಿಗೆ, ಎಳೆ ಹುಡುಗಿ, ಕಲೀತಾಳೆ,” ಕರೀಮಾ ಕಣ್ಣೀರು ಹಾಕುತ್ತಾ ಅವಳ ಕೈ ಹಿಡಿದಳು. “ನಾನು ಕಲೀಲಿಲ್ವಾ? ಇಪ್ಪತ್ತೆರಡು ವರ್ಷ ಆಯ್ತು, ಈಗೀಗ ಸ್ವಲ್ಪ ಸ್ವಲ್ಪ ವಾಸನೆ ಗೊತ್ತಾಗ್ತಿದೆ. ನಿಮ್ಮ ಮನೇಲೂ ಒಂದಿಪ್ಪತ್ತು ವರ್ಷ ಸಹಿಸ್ಕೊಳ್ಳಿ.”

“ಇಪ್ಪತ್ತು ವರ್ಷ! ಅಷ್ಟರಲ್ಲಿ ನನ್ನ ಮಗನಿಗೆ ವಿಷ ಹಾಕಿ ಕೊಂದಿರ್ತಾಳೆ!” ಇನ್ಶಿರಾಹ್ ಕೈ ಕೊಡವಿಕೊಂಡಳು. “ಫಾತಿಹಾ ಬೇಕಾ ನಿಮಗೆ? ಸತ್ತವರಿಗೂ ಅದನ್ನೇ ಓದ್ತಾರೆ. ಈ ಮೀನಿಗೇ ಓದಿಸಿಕೊಳ್ಳಿ! ಏಳೋ ವಗ್ದಿ!”

ವಗ್ದಿ ಆಗಲೇ ಎದ್ದಿದ್ದ.

ಇನ್ಶಿರಾಹಳ ಅಭ್ಯಾಸ ಎಲ್ಲರಿಗೂ ಗೊತ್ತು. ಸಿಟ್ಟಿನಿಂದ ಎದ್ದು ಬಾಗಿಲ ತನಕ ಹೋಗುತ್ತಾಳೆ, ಇನ್ನೊಂದು ಮಾತು ನೆನಪಾಗಿ ತಿರುಗಿ ಬರುತ್ತಾಳೆ, ಬಂದವಳು ಕೂತು ಉಣ್ಣುತ್ತಾಳೆ. ಮೂವರೂ ಉಸಿರು ಬಿಗಿಹಿಡಿದು ಬಾಗಿಲನ್ನೇ ನೋಡಿದರು. ಹೊರಗೆ ಆಟೋ ಸದ್ದಾಯಿತು. ದಂಡೆಯುದ್ದಕ್ಕೂ ಹೋಗಿ ಸದ್ದು ಅಡಗಿತು.

ಅವಳು ಬರಲಿಲ್ಲ.

“ಎಂಥ ಅನಾಹುತ ಆಗಿಹೋಯ್ತು,” ಅಂದ ಮೆತ್ವಲ್ಲಿ. ಕೈ ಮಾತ್ರ ರೊಟ್ಟಿ ಮುರಿಯುತ್ತಿತ್ತು.

ಬದೀರ್ ತಗಡಿನ ತಟ್ಟೆಯೊಂದನ್ನು ತಂದು ಅವನ ಮುಂದೆ ಕುಕ್ಕಿದ. ಅದರಲ್ಲಿ ಮೂರು ಹಸಿ ಬೂರಿ ಮೀನು. ಮೂರರ ಬಾಲಕ್ಕೂ ಎರಡು ಕಚ್ಚು. ಪಕ್ಕದ ಮೇಜಿನವರು ಮೂಗು ಮುಚ್ಚಿಕೊಂಡು ಎದ್ದರು.

“ತಗೊಂಡು ಹೋಗ್ರಯ್ಯಾ ನಿಮ್ಮ ನಿಮ್ಮ ಹೆಣಾನ! ಇದು ನೀನು ಬೆಳಿಗ್ಗೆ ತಂದು, ‘ಇದನ್ನೇ ಸುಡು, ಹೆಂಡತಿಗೆ ಹೇಳಬೇಡ’ ಅಂದಿದ್ದು. ಇದು ನಿನ್ನ ಮಗಳು ಐಸಿನ ಹಲಗೆಯ ಕೆಳಗೆ ಬೆಕ್ಕಿಗೆ ಅಂತ ನಾನಿಟ್ಟ ಬುಟ್ಟಿಯಿಂದ ಆರಿಸಿ, ‘ಅಪ್ಪನಿಗೆ ಹೇಳಬೇಡಿ’ ಅಂದಿದ್ದು. ಇದು ಆ ನಿನ್ನ ಅಳಿಯ ಪೇಪರಿನಲ್ಲಿ ಸುತ್ತಿ ತಂದು, ‘ಅಮ್ಮನಿಗೆ ಗೊತ್ತಾದರೆ ಕೊಲ್ತಾಳೆ’ ಅಂದಿದ್ದು.”

ಅಪ್ಪ ಮಗಳನ್ನು ನೋಡಿದ. ಮಗಳು ಸೂರು ನೋಡಿದಳು.

ಮೆತ್ವಲ್ಲಿ ಬೆರಳಿಟ್ಟು ಎಣಿಸಿದ. ಮತ್ತೆ ಎಣಿಸಿದ. “ಮೂರೂ ಇಲ್ಲೇ ಇವೆ. ಹಾಗಾದರೆ ನಮಗೆ ಬಡಿಸಿದ್ದು?”

“ಎಲ್ಲಕ್ಕಿಂತ ಜೋರಾಗಿ ನಾರ್ತಿದ್ದದ್ದನ್ನ ಬಡಿಸಿದೆ.”

ಕರೀಮಾ ಕಣ್ಣೊರೆಸಿಕೊಂಡು ಸೂಪಿನ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡಳು. “ಅದು ನಾನು ತಂದ ಮೀನು,” ಅಂದಳು.