ರುಪೆರ್ತೊ ಸಾಕಿದ ಮೋಡ

ಪರದೆಯ ಮೇಲೆ ಯಸ್ನಾಳ ದೂರದರ್ಶಕ ಎಡಕ್ಕೆ ತಿರುಗಿದ ಕೂಡಲೇ ರುಪೆರ್ತೊನ ಮೋಡ ಎಡಕ್ಕೆ ಓಡಿ ನಕ್ಷತ್ರಗಳ ಮೇಲೆ ಕಂಬಳಿ ಎಳೆಯಿತು. ದೂರದರ್ಶಕ ಬಲಕ್ಕೆ ಹೊರಳಿತು. ಮೋಡ ಅಲ್ಲಿಗೂ ಹಾಜರು. ಗಡ್ಡ ಸವರುವ ನೆಪದಲ್ಲಿ ರುಪೆರ್ತೊ ತನ್ನ ನಗುವನ್ನು ಅಂಗೈಯಲ್ಲಿ ಬಚ್ಚಿಟ್ಟುಕೊಂಡ.

ದೂರದರ್ಶಕವೂ ಸುಳ್ಳು, ಮೋಡವೂ ಸುಳ್ಳು. ಪರೀಕ್ಷೆ ಮಾತ್ರ ನಿಜ. ಮೋಡ ಕವಿದಾಗ ಯಾವ ಸಂದಿನಲ್ಲಿ ಆಕಾಶ ಕಂಡೀತೆಂದು ತಾನೇ ಲೆಕ್ಕ ಹಾಕಿ, ದೂರದರ್ಶಕವನ್ನು ಅತ್ತ ತಿರುಗಿಸುವ ಪ್ರೋಗ್ರಾಂ ಒಂದನ್ನು ಯಸ್ನಾ ಬರೆದಿದ್ದಳು. ಇವತ್ತು ಗೆದ್ದರೆ ಬೆಟ್ಟದ ಮೇಲಿನ ನಿಜವಾದ ದೂರದರ್ಶಕ ಅದರ ಕೈಗೆ. ಸೋತರೆ ಅವಳ ವರ್ಷಗಟ್ಟಲೆಯ ದುಡಿಮೆ ಮೂಲೆಗೆ.

ಇನ್ನು ರುಪೆರ್ತೊ. ಅಟಕಾಮಾ ಮರುಭೂಮಿಯಲ್ಲಿ ಒಂದು ತುಂಡು ಮೋಡ ಕಂಡರೆ ಮುದುಕಿಯರು ಕುರ್ಚಿ ತಂದು ಅಂಗಳದಲ್ಲಿ ಕೂರುತ್ತಾರೆ. ಅಂಥ ನಾಡಿನಲ್ಲಿ ಈ ಪುಣ್ಯಾತ್ಮ ಬೆಳಗಿನ ಚಹಾ ಆರುವಷ್ಟರಲ್ಲಿ ಇಂಥ ಪರೀಕ್ಷೆಗಳಿಗೆಂದು ಏಳು ಮಳೆಗಾಲಕ್ಕಾಗುವಷ್ಟು ಮೋಡವನ್ನು ಕಂಪ್ಯೂಟರಿನಲ್ಲಿ ಹುಟ್ಟಿಸುತ್ತಿದ್ದ. ಹಿಂಜಿದ ಹತ್ತಿಯಂಥದ್ದು, ಕಡಲಿನಿಂದ ತೆವಳಿ ಬರುವಂಥದ್ದು. ದೇವರೇ ಬಂದು ಕಲಿತುಕೊಂಡು ಹೋಗಬೇಕು, ಹಾಗೆ. ಕೂದಲು ನೆರೆಯುವವರೆಗೆ ದುಡಿದರೂ ‘ಚೆನ್ನಾಗಿದೆ’ ಎಂದವರು ಒಬ್ಬರಿಲ್ಲ. ಅವನ ಲೆಕ್ಕದಲ್ಲಿ ನಿನ್ನೆ ಮೊನ್ನೆ ಬಂದ ಯಸ್ನಾಳಿಗೆ ಮಾತ್ರ, ಈ ಪ್ರೋಗ್ರಾಂ ಬರೆದದ್ದಕ್ಕೆ, ಬಂಡಿಗಾಲಿಯಷ್ಟು ದೊಡ್ಡ ಕೇಕು, ಊಟದ ಮನೆಯ ಗೋಡೆಯ ಮೇಲೆ ಫೋಟೊ. ಆ ಫೋಟೊ ಎದುರು ಕೂತು ಉಣ್ಣುವಾಗ ಅವನ ಹೊಟ್ಟೆಯಲ್ಲೇಳುತ್ತಿದ್ದ ಉರಿ ಕಂಡಿದ್ದರೆ ಆಂಡೀಸಿನ ಜ್ವಾಲಾಮುಖಿಗಳೆಲ್ಲ ನಾಚಿ ಬಾಯಿ ಮುಚ್ಚಿಕೊಳ್ಳುತ್ತಿದ್ದವು. ಅದಕ್ಕೇ ಈ ಸಲದ ಮೋಡಕ್ಕೆ ಅವನು ಗಾಳಿಯ ದಿಕ್ಕು ಕಲಿಸಿರಲಿಲ್ಲ. ಅವಳ ದೂರದರ್ಶಕದ ಬೆನ್ನು ಹತ್ತುವುದನ್ನು ಕಲಿಸಿದ್ದ.

“ಏನೇ ಹುಡುಗಿ, ನಿನ್ನ ಪ್ರೋಗ್ರಾಂ ಕುಡಿದ ಕತ್ತೆ ಥರ ಓಡಾಡ್ತಿದೆ?” ಎಂದಳು ವೀಕ್ಷಣಾಲಯದ ಮುಖ್ಯಸ್ಥೆ ದೋನ್ಯಾ ಮಿರೆಯಾ, ಬಾಯಿ ತುಂಬ ಎಂಪನಾಡಾ ಕಡುಬು ಇಟ್ಟುಕೊಂಡೇ.

“ಪಾಪ, ಇನ್ನೂ ಎಳೇದು, ಬಿಡಿ,” ಎಂದ ರುಪೆರ್ತೊ.

“ನಿನ್ನ ಮೋಡಕ್ಕೆ ಮಾತ್ರ ಜೀವ ಇದ್ದಂಗಿದೆ ಕಣಯ್ಯ. ಇಷ್ಟು ಚೆಂದದ್ದು ನೀನು ಮಾಡಿದ್ದು ನಾನು ನೋಡೇ ಇಲ್ಲ.”

ರುಪೆರ್ತೊ ಎಷ್ಟು ಉಬ್ಬಿದನೆಂದರೆ ಕೋಣೆಯಲ್ಲಿ ಉಳಿದವರಿಗೆ ಗಾಳಿ ಸಾಲದಾಯಿತು.

ಯಸ್ನಾ ಪರದೆಯಿಂದ ಕಣ್ಣು ಕೀಳಲಿಲ್ಲ. “ದೋನ್ ರುಪೆರ್ತೊ, ಇವತ್ತು ಗಾಳಿ ಯಾವ ಕಡೆಯಿಂದ ಇಟ್ಟಿದೀರಿ?”

“ಪಶ್ಚಿಮದಿಂದ. ಇನ್ನೆಲ್ಲಿಂದ ಬೀಸುತ್ತೆ, ನಿಮ್ಮಜ್ಜಿ ಮನೆಯಿಂದನಾ?”

“ಮೋಡ ಈಗ ಪಶ್ಚಿಮಕ್ಕೇ ಹೋಯ್ತಲ್ಲ?”

“ಏನೋ ಮರೆತು ಬಂದಿರಬೇಕು.”

ದೋನ್ಯಾ ಮಿರೆಯಾ ನಕ್ಕಳು. ಯಸ್ನಾ ನಗಲಿಲ್ಲ. ಪ್ರೋಗ್ರಾಂ ನಿಲ್ಲಿಸಿ, ದೂರದರ್ಶಕದ ಹಿಡಿತವನ್ನು ತಾನೇ ತೆಗೆದುಕೊಂಡಳು. ಅದರ ಮೂತಿಯನ್ನು ಮೆಲ್ಲಗೆ ಇಳಿಸತೊಡಗಿದಳು: ನಕ್ಷತ್ರಗಳಿಂದ ಬೆಟ್ಟದ ನೆತ್ತಿಗೆ, ನೆತ್ತಿಯಿಂದ ಇಳಿಜಾರಿಗೆ, ಅಲ್ಲಿಂದ ಬರೀ ಕಲ್ಲುಮಣ್ಣಿಗೆ.

“ಏ, ಅಲ್ಲೇನು ನೋಡ್ತೀಯ? ಪರದೆ ಆರಿಸು, ಸಾಕು,” ಎಂದು ರುಪೆರ್ತೊ ಕೈ ಚಾಚಿದ.

ತಡವಾಗಿತ್ತು. ಕೋಟಿ ಕೋಟಿ ನಕ್ಷತ್ರಗಳನ್ನು ಹಾಗೇ ಬಯಲಿಗೆ ಬಿಟ್ಟು, ಮೋಡ ಏದುಸಿರು ಬಿಡುತ್ತ ಬೆಟ್ಟ ಇಳಿದು ಬಂತು. ಯಾರಿಗೂ ಬೇಡವಾದ ಆ ಕಲ್ಲುಗಳನ್ನು ಅವುಚಿಕೊಂಡು ಕೂತಿತು.

ದೋನ್ಯಾ ಮಿರೆಯಾ ಅಗಿಯುವುದನ್ನು ನಿಲ್ಲಿಸಿದಳು. ಅವಳ ನೋಟ ಪರದೆ ಬಿಟ್ಟು ರುಪೆರ್ತೊನ ಮುಖಕ್ಕೆ ಬಂತು.

“ಗಾಳಿಗೆ ಬಂದ ಮೋಡ ಆಗಿದ್ರೆ,” ಎಂದಳು ಯಸ್ನಾ, “ಅದಕ್ಕೆ ನನ್ನ ಗುರುತೇ ಇರ್ತಿರಲಿಲ್ಲ.”